ಸವಳು ಹೊಲಕ್ಕೆ ಯಾವ ಬೆಳೆ? ಭತ್ತ, ಹತ್ತಿ, ಜೋಳ, ಸೂರ್ಯಕಾಂತಿಯ ಹೋಲಿಕೆ

ಗಂಗಾವತಿ, ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆ ಒಂದು ಮಾತು ಎಲ್ಲರ ಬಾಯಲ್ಲೂ ಇದೆ: "ಸವಳಾದ ಹೊಲಕ್ಕೆ ಭತ್ತ ಬಿಟ್ಟರೆ ಬೇರೆ ಏನೂ ಬರಲ್ಲ." ಅರ್ಧ ನಿಜ, ಅರ್ಧ ಸುಳ್ಳು. ಆ ಸುಳ್ಳು ಅರ್ಧವೇ ನಮಗೆ ಜಾಸ್ತಿ ನಷ್ಟ ಮಾಡುತ್ತಿದೆ. ಉಪ್ಪನ್ನು ತಡೆಯುವ ಶಕ್ತಿಯ ಲೆಕ್ಕ ಹಾಕಿದರೆ ಭತ್ತ ನಮ್ಮ ಜೋಳ, ಹತ್ತಿಗಿಂತ ಬಹಳ ಕೆಳಗಿದೆ. ಅದು ಚೆನ್ನಾಗಿ ತಡೆಯುವುದು ನಿಂತ ನೀರನ್ನು. ನೀರು ನಿಂತ ಹೊಲದಲ್ಲಿ ಬೇರೆ ಬೆಳೆ ಸತ್ತು ಭತ್ತ ಉಳಿದಾಗ, ಉಪ್ಪಿನಲ್ಲೂ ಅದೇ ಗಟ್ಟಿ ಅಂತ ನಾವು ಅಂದುಕೊಂಡುಬಿಟ್ಟಿದ್ದೇವೆ.

ತುಂಗಭದ್ರಾ ಅಣೆಕಟ್ಟೆಯಿಂದ ನೀರು ಹರಿಯಲು ಶುರುವಾದದ್ದು 1953ರಲ್ಲಿ. ಯೋಜನೆ ಹಾಕುವಾಗ ಹೆಚ್ಚಿನ ಭಾಗಕ್ಕೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳನ್ನೇ ಗೊತ್ತುಮಾಡಿದ್ದರು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹೆಚ್ಚುತ್ತಾ ಹೋಯಿತು. ಎರೆ ಭೂಮಿಯಲ್ಲಿ ನೀರು ಇಂಗಿ ಕೆಳಗೆ ಹೋಗುವುದು ಬಹಳ ನಿಧಾನ. ಹೊರಗೆ ಹರಿದು ಹೋಗಲು ಬಸಿಗಾಲುವೆಯೂ ಸರಿಯಿಲ್ಲ. ಹಾಗಾಗಿ ಅಂತರ್ಜಲ ಮೇಲೆ ಬಂತು, ಜೊತೆಗೆ ಉಪ್ಪನ್ನೂ ತಂದಿತು. ಈ ಅಚ್ಚುಕಟ್ಟಿನಲ್ಲಿ ಸುಮಾರು 96 ಸಾವಿರ ಹೆಕ್ಟೇರ್ ಸವಳು-ಜವಳಾಗಿದೆ ಎಂಬ ಲೆಕ್ಕ ಸಂಶೋಧನಾ ವರದಿಗಳಲ್ಲಿ ಬಹಳ ಕಾಲದಿಂದ ಇದೆ.

ಬೆಳೆ ಆರಿಸೋದು ಆಮೇಲೆ. ಮೊದಲು ನಿಮ್ಮ ಹೊಲಕ್ಕೆ ಬಂದ ಕಾಟ ಯಾವುದು ಅಂತ ತಿಳಿಯಬೇಕು.

ಮೂರು ಕಾಟ, ಮೂರು ಲಕ್ಷಣ

ಮೊದಲನೆಯದು ಉಪ್ಪು. ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಪುಡಿ ಏರುತ್ತದೆ, ಕಾಲಿಟ್ಟರೆ ಮಣ್ಣು ಮೆತ್ತಗೆ ಕುಸಿಯುತ್ತದೆ. ಇಂಥ ಮಣ್ಣಿನ ಗಡಸು, ಹದ ಅಷ್ಟೇನೂ ಕೆಟ್ಟಿರುವುದಿಲ್ಲ. ಗುಂಡಿಯಲ್ಲಿ ನಿಂತ ನೀರು ತಿಳಿಯಾಗಿರುತ್ತದೆ. ಆದರೆ ಮಣ್ಣು ಹಸಿ ಇದ್ದರೂ ಗಿಡ ಬಾಡುತ್ತದೆ. ಬೇರಿನ ಹೊರಗಿನ ನೀರಿನಲ್ಲಿ ಉಪ್ಪು ಜಾಸ್ತಿ ಇದ್ದಾಗ ಆ ನೀರನ್ನು ಎಳೆದುಕೊಳ್ಳಲು ಗಿಡಕ್ಕೆ ಬಲ ಸಾಲುವುದಿಲ್ಲ. ಹಾಗಾಗಿ ಎಲೆ ಸಣ್ಣದಾಗಿ, ದಟ್ಟ ಹಸಿರಾಗಿ, ಗಿಡ ಕುಳ್ಳಗೆ ಉಳಿಯುತ್ತದೆ. ಸ್ವಲ್ಪ ದಿನ ಕಳೆದ ಮೇಲೆ ಸೋಡಿಯಂ, ಕ್ಲೋರೈಡ್ ಹಳೆಯ ಎಲೆಗಳಲ್ಲಿ ಸೇರಿಕೊಂಡು ತುದಿ, ಅಂಚು ಸುಟ್ಟಂತೆ ಒಣಗುತ್ತವೆ.

ಎರಡನೆಯದು ಸೋಡಿಯಂ. ಇದನ್ನು ಕೆಲವರು ಕರಲು ಅಂತಾರೆ, ಕೃಷಿ ಇಲಾಖೆಯವರು ಕ್ಷಾರ ಮಣ್ಣು ಅಂತಾರೆ. ಇಲ್ಲಿ ಬಿಳಿ ಪುಡಿ ಕಾಣದೇ ಇರಬಹುದು. ನೆಲದ ಮೇಲೆ ಕಪ್ಪು ಜಿಡ್ಡಿನಂಥ ಪದರ, ಕಬ್ಬಿಣದಂಥ ಹೆಂಟೆ, ಮಳೆ ಬಂದರೆ ದಿನಗಟ್ಟಲೆ ಇಂಗದ ರಾಡಿ ನೀರು ಇರುತ್ತವೆ. ಸೋಡಿಯಂ ಮಣ್ಣಿನ ಕಣಗಳನ್ನು ಒಂದಕ್ಕೊಂದು ಅಂಟಲು ಬಿಡುವುದಿಲ್ಲ. ಕಣ ಬಿಡಿಬಿಡಿಯಾಗಿ ಮಣ್ಣಿನ ರಂಧ್ರ ಮುಚ್ಚುತ್ತದೆ. ಬೇರಿಗೆ ಗಾಳಿ ಸಿಗದು, ನೀರು ಇಳಿಯದು, ಸತು ಮತ್ತು ಕಬ್ಬಿಣದ ಕೊರತೆ ಬರುತ್ತದೆ. ಎಳೆಯ ಎಲೆ ಹಳದಿಯಾದರೆ ಇದನ್ನು ಅನುಮಾನಿಸಿ.

ಮೂರನೆಯದು ಜವಳು, ಅಂದರೆ ನೀರೇ ಕಾಟ. ನಾಲ್ಕೈದು ಅಡಿ ಗುಂಡಿ ತೋಡಿ ಒಂದು ದಿನ ಬಿಡಿ. ಅದರಲ್ಲಿ ನೀರು ಬಂದು ನಿಂತರೆ ಉತ್ತರ ಸಿಕ್ಕಿತು. ಎರೆ ಮಣ್ಣಿನಲ್ಲಿ ಅಂತರ್ಜಲ ಒಂದೂವರೆ ಮೀಟರ್‌ಗಿಂತ ಮೇಲೆ ಬಂದರೆ, ಬಿಸಿಲಿಗೆ ನೀರು ಆರುತ್ತಾ ಉಪ್ಪನ್ನು ಮೇಲಕ್ಕೆ ಬಿಡುತ್ತಲೇ ಇರುತ್ತದೆ.

ಉಪ್ಪೋ ಸೋಡಿಯಮ್ಮೋ ಅಂತ ಮನೆಯಲ್ಲೇ ಒಂದು ಅಂದಾಜು ಮಾಡಬಹುದು. ಒಣಗಿದ ಮಣ್ಣಿನ ಸಣ್ಣ ಹೆಂಟೆಯನ್ನು ಗಾಜಿನ ಲೋಟದಲ್ಲಿ ಮಳೆ ನೀರಿಗೆ ಹಾಕಿ, ಅಲುಗಾಡಿಸದೆ ಒಂದು ದಿನ ಬಿಡಿ. ಬೋರ್‌ವೆಲ್ ನೀರು ಬೇಡ, ಅದರಲ್ಲೇ ಉಪ್ಪಿರುತ್ತದೆ. ಹೆಂಟೆಯ ಸುತ್ತ ನೀರು ಹಾಲಿನಂತೆ ಕದಡಿ ಹಾಗೇ ಉಳಿದರೆ ಸೋಡಿಯಂ ಇದೆ ಅಂತ ತಿಳಿಯಿರಿ. ಹೆಂಟೆ ಕುಸಿದರೂ ನೀರು ತಿಳಿಯಾಗೇ ಇದ್ದರೆ ಸೋಡಿಯಂ ಕಾಟ ಕಡಿಮೆ. ಇದು ಅಂದಾಜು ಮಾತ್ರ. ಜಿಪ್ಸಂಗೆ ದುಡ್ಡು ಹಾಕುವ ಮೊದಲು ಪ್ರಯೋಗಾಲಯದ ಪರೀಕ್ಷೆ ಬೇಕೇ ಬೇಕು.

ಮಣ್ಣಿನ ಕಾರ್ಡ್ ಓದುವಾಗ ಎಚ್ಚರ

ಇಲ್ಲಿ ತುಂಬಾ ಜನ ಎಡವುತ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಕಾರ್ಡ್‌ನಲ್ಲಿ 12 ಅಂಶ ಇರುತ್ತವೆ. ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) ಇದೆ, ಇಸಿ (ಮಣ್ಣಿನಲ್ಲಿ ಕರಗಿದ ಉಪ್ಪಿನ ಅಳತೆ) ಇದೆ, ಸತು, ಕಬ್ಬಿಣ ಎಲ್ಲ ಇದೆ. ಸೋಡಿಯಂ ಇಲ್ಲ. ನಮ್ಮ ಭಾಗದ ದೊಡ್ಡ ಕಾಟವೇ ಆ ಕಾರ್ಡ್‌ನಲ್ಲಿ ನೇರವಾಗಿ ಕಾಣುವುದಿಲ್ಲ. ಪಿಎಚ್ 8.5 ದಾಟಿದ್ದರೆ ಅದೊಂದು ಸುಳಿವು. ಅಂಥ ಹೊಲಕ್ಕೆ 'ವಿನಿಮಯ ಸೋಡಿಯಂ ಶೇಕಡಾವಾರು', ಅಂದರೆ ಇಎಸ್‌ಪಿ, ಪರೀಕ್ಷೆ ಬೇಕು ಅಂತ ಬಾಯಿಬಿಟ್ಟು ಕೇಳಬೇಕು. ಜಿಪ್ಸಂ ಎಷ್ಟು ಬೇಕು ಅನ್ನುವ ಪರೀಕ್ಷೆಯನ್ನೂ ಜೊತೆಗೇ ಮಾಡಿಸಿ.

ಇನ್ನೊಂದು ಗೊಂದಲ ಇಸಿಯದು. ಪುಸ್ತಕಗಳಲ್ಲಿ "4 ದಾಟಿದರೆ ಸವಳು" ಅಂತ ಇರುತ್ತದೆ. ಅದು ಮಣ್ಣನ್ನು ನೀರಿನಲ್ಲಿ ಮುದ್ದೆಯಾಗುವಷ್ಟೇ ಕಲಸಿ, ಅದರಿಂದ ತೆಗೆದ ನೀರಿನಲ್ಲಿ ಅಳೆದ ಇಸಿ. ನಮ್ಮ ಕಾರ್ಡ್‌ನಲ್ಲಿ ಬರುವುದು ಸಾಮಾನ್ಯವಾಗಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಹಾಕಿ ಅಳೆದದ್ದು. ನೀರು ಜಾಸ್ತಿ ಹಾಕಿದರೆ ಉಪ್ಪು ತೆಳುವಾಗುತ್ತದೆ, ಅಲ್ವಾ? ಎರೆ ಮಣ್ಣಿನಲ್ಲಿ ಮುದ್ದೆಯ ಇಸಿ ಕಾರ್ಡ್‌ನ ಇಸಿಗಿಂತ ಸುಮಾರು ಮೂರು ಪಟ್ಟು ಇರಬಹುದು. ಕಾರ್ಡ್‌ನಲ್ಲಿ 2 ಅಂತ ನೋಡಿ "ನಮ್ಮದು ಚೆನ್ನಾಗಿದೆ" ಅಂದುಕೊಂಡವರ ಹೊಲ ನಿಜಕ್ಕೂ 6ರ ಆಸುಪಾಸಿನಲ್ಲಿರುತ್ತದೆ. ಯಾವ ವಿಧಾನದಲ್ಲಿ ಅಳೆದಿದ್ದೀರಿ ಅಂತ ಪ್ರಯೋಗಾಲಯದವರನ್ನು ಕೇಳಿ. ಈ ಒಂದು ಪ್ರಶ್ನೆ ಕೇಳದಿದ್ದರೆ ಕೆಳಗಿನ ಹೋಲಿಕೆಯೆಲ್ಲ ತಪ್ಪುತ್ತದೆ.

ಮಣ್ಣು ತೆಗೆಯುವುದು ಏಪ್ರಿಲ್, ಮೇ ತಿಂಗಳಲ್ಲಿ, ಕಾಲುವೆಗೆ ನೀರು ಬಿಡುವ ಮೊದಲು. ಬಿಳಿ ಏರಿದ ಜಾಗದ ಮಣ್ಣನ್ನು ಒಳ್ಳೆಯ ಜಾಗದ ಮಣ್ಣಿನ ಜೊತೆ ಬೆರೆಸಬೇಡಿ, ಬೇರೆ ಬೇರೆ ಚೀಲ ಮಾಡಿ. ಮೇಲಿನ ಅರ್ಧ ಅಡಿಯದ್ದು ಮಾತ್ರ ಸಾಲದು, ಎರಡು ಅಡಿ ಆಳದ್ದೂ ಕೊಡಿ.

ಉಪ್ಪಿನ ಹೊಲದಲ್ಲಿ ಯಾವುದು ಎಷ್ಟು ತಡೆಯುತ್ತದೆ

1977ರಲ್ಲಿ ಅಮೆರಿಕದ ಮಾಸ್ ಮತ್ತು ಹಾಫ್‌ಮನ್ ಎಂಬ ವಿಜ್ಞಾನಿಗಳು ಬೆಳೆಗಳ ಉಪ್ಪು ತಡೆಯುವ ಶಕ್ತಿಗೆ ಒಂದು ಸರಳ ಲೆಕ್ಕ ಕೊಟ್ಟರು. ಪ್ರತಿ ಬೆಳೆಗೂ ಒಂದು ಮಿತಿ. ಅಲ್ಲಿಯವರೆಗೆ ಇಳುವರಿ ಇಳಿಯುವುದಿಲ್ಲ. ಅದು ದಾಟಿದ ಮೇಲೆ ಇಸಿ ಒಂದೊಂದು ಏರಿದಾಗಲೂ ಇಷ್ಟಿಷ್ಟು ಶೇಕಡಾ ಇಳಿಯುತ್ತದೆ. ಜಗತ್ತಿನಾದ್ಯಂತ ಇಂದಿಗೂ ಇದನ್ನೇ ಬಳಸುತ್ತಾರೆ. ಹತ್ತಿಗೆ ಮಿತಿ 7.7, ಜೋಳಕ್ಕೆ 6.8, ಭತ್ತಕ್ಕೆ ಬರೀ 3. ಸೂರ್ಯಕಾಂತಿಗೆ ಮಿತಿ 4.8; ಜೋಳ, ಸೂರ್ಯಕಾಂತಿಯ ಈ ಮಿತಿ ಗೊತ್ತಾದದ್ದು ಆಮೇಲೆ. ಆ ಲೆಕ್ಕ ಹಾಕಿ ನಮ್ಮ ಕಡೆಯ ಬೆಳೆಗಳಿಗೆ ಈ ಪಟ್ಟಿ ಮಾಡಿದ್ದೇನೆ. ಒಳ್ಳೆಯ ಹೊಲದಲ್ಲಿ 100 ಬರುವುದಾದರೆ ಸವಳು ಹೊಲದಲ್ಲಿ ಎಷ್ಟು ಅಂತ ಓದಿಕೊಳ್ಳಿ. ಇಸಿ ಮುದ್ದೆ ವಿಧಾನದ್ದು.

| ಬೆಳೆ | ಇಸಿ 4 | ಇಸಿ 6 | ಇಸಿ 8 | ಇಸಿ 10 |
|---|---|---|---|---|
| ಹತ್ತಿ | 100 | 100 | 98 | 88 |
| ಜೋಳ | 100 | 100 | 81 | 49 |
| ಸೂರ್ಯಕಾಂತಿ | 100 | 94 | 84 | 74 |
| ಭತ್ತ | 88 | 64 | 40 | 16 |
| ಮೆಕ್ಕೆಜೋಳ | 72 | 48 | 24 | 0 |
| ಮೆಣಸಿನಕಾಯಿ | 65 | 37 | 9 | 0 |
| ಶೇಂಗಾ | 77 | 19 | 0 | 0 |
| ಉಳ್ಳಾಗಡ್ಡಿ | 55 | 23 | 0 | 0 |

ತಳಿ, ಹವೆ, ನೀರು ನೋಡಿಕೊಂಡು ಈ ಅಂಕಿ ಹೊಲದಲ್ಲಿ ಹಿಂದೆ ಮುಂದೆ ಆಗುತ್ತವೆ. ಆದರೆ ಯಾವುದು ಮೇಲೆ, ಯಾವುದು ಕೆಳಗೆ ಅನ್ನುವ ಸಾಲು ನಂಬಬಹುದು. ಒಳ್ಳೆಯ ಭೂಮಿಯಲ್ಲಿ ಎಕರೆಗೆ 40 ಚೀಲ ಭತ್ತ ಬರುವ ಕಡೆ ಇಸಿ 6 ಆದರೆ 25-26 ಚೀಲ ಅಂತಾಯಿತು. ಖರ್ಚು ಮಾತ್ರ ಅಷ್ಟೇ. ಸಸಿ ಮಡಿ, ನಾಟಿ ಆಳು, ಗೊಬ್ಬರ, ಕಟಾವು ಯಂತ್ರ ಯಾವುದೂ ಕಡಿಮೆಯಾಗುವುದಿಲ್ಲ. ಗುತ್ತಿಗೆಗೆ ಹೊಲ ಮಾಡುವವರಿಗೆ ಈ ವ್ಯತ್ಯಾಸವೇ ಸಾಲವಾಗಿ ನಿಲ್ಲುತ್ತದೆ.

ಭತ್ತ: ಯಾವಾಗ ಸರಿ, ಯಾವಾಗ ತಪ್ಪು

ಇಷ್ಟಾದ ಮೇಲೆ ಭತ್ತ ಬೇಡವೇ ಬೇಡ ಅನ್ನುತ್ತೇನೆ ಅಂದುಕೊಳ್ಳಬೇಡಿ. ಸೋಡಿಯಂ ಇರುವ ಮಣ್ಣಿನಲ್ಲಿ ಲೆಕ್ಕ ತಿರುಗುತ್ತದೆ. ಅಲ್ಲಿ ಭತ್ತ ನಿಜಕ್ಕೂ ಗಟ್ಟಿ. ಅದರ ಬೇರು ಆಳಕ್ಕೆ ಹೋಗಬೇಕಾಗಿಲ್ಲ, ಕಾಂಡದಿಂದಲೇ ಬೇರಿಗೆ ಗಾಳಿ ಇಳಿಯುತ್ತದೆ. ನೀರು ನಿಂತಾಗ ಮಣ್ಣಿನ ಪಿಎಚ್ ತಾನಾಗಿ ಕೆಳಗಿಳಿಯುತ್ತದೆ. ಕೊಳೆಯುವ ಬೇರು, ಸೊಪ್ಪಿನಿಂದ ಬರುವ ಇಂಗಾಲದ ಡೈಆಕ್ಸೈಡ್ ಎರೆ ಮಣ್ಣಿನಲ್ಲಿರುವ ಸುಣ್ಣದ ಹರಳನ್ನು ಕರಗಿಸಿ ಕ್ಯಾಲ್ಸಿಯಂ ಬಿಡಿಸುತ್ತದೆ. ಆ ಕ್ಯಾಲ್ಸಿಯಂ ಸೋಡಿಯಂ ಅನ್ನು ಜಾಗ ಬಿಡಿಸುತ್ತದೆ. ಹರಿಯಾಣದ ಕರ್ನಾಲ್‌ನಲ್ಲಿ 1969ರಿಂದ ಇರುವ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಜಿಪ್ಸಂ ಹಾಕಿದ ಕ್ಷಾರ ಭೂಮಿಗೆ ಮೊದಲ ಬೆಳೆಯಾಗಿ ಭತ್ತವನ್ನೇ ಹೇಳುವುದು ಇದಕ್ಕೇ. ಅಲ್ಲಿನ ಮಣ್ಣಿಗೂ ನಮ್ಮ ಎರೆಗೂ ವ್ಯತ್ಯಾಸ ಇದೆ ಅನ್ನುವುದು ನೆನಪಿರಲಿ. ಇಎಸ್‌ಪಿ 15 ದಾಟಿದರೆ ಕ್ಷಾರ ಅನ್ನುವುದು ಪುಸ್ತಕದ ಗೆರೆ. ಉಬ್ಬಿ ಕುಗ್ಗುವ ಎರೆಯಲ್ಲಿ ಅದಕ್ಕಿಂತ ಬಹಳ ಮುಂಚೆಯೇ ನೀರು ಇಳಿಯುವುದು ನಿಲ್ಲುತ್ತದೆ.

ಉಪ್ಪಿನ ಹೊಲದಲ್ಲಿ ಭತ್ತ ಹಾಕಲೇಬೇಕಾದರೆ ಅದರ ನಾಜೂಕಿನ ಹೊತ್ತು ಯಾವುದು ಅಂತ ತಿಳಿದು ಹಾಕಿ. ಮೊಳಕೆಯಲ್ಲಿ ಅದು ತಡೆಯುತ್ತದೆ. ಎರಡು ಮೂರು ಎಲೆಯ ಸಸಿ ತಡೆಯುವುದಿಲ್ಲ. ತೆಂಡೆ ಒಡೆಯುವಾಗ ಮತ್ತೆ ಗಟ್ಟಿ. ತೆನೆ ಕಟ್ಟುವಾಗ, ಹೂವಾಡುವಾಗ ಮತ್ತೆ ಬಲು ಸೂಕ್ಷ್ಮ. ಪೈರು ಹಸಿರಾಗಿದ್ದು ತೆನೆ ಮಾತ್ರ ಜೊಳ್ಳಾಗುವುದು ಈ ಕೊನೆಯ ಪೆಟ್ಟಿನಿಂದ. ಆದ್ದರಿಂದ ಸಸಿ ಮಡಿಯನ್ನು ಒಳ್ಳೆಯ ಮಣ್ಣಿನಲ್ಲೇ ಮಾಡಿ. 30-35 ದಿನದ ಬಲಿತ ಸಸಿ ನೆಡಿ, ಒಂದು ಗುಣಿಗೆ ಮೂರು ನಾಲ್ಕು ಕಡ್ಡಿ ಇಡಿ. ಹೂವಿನ ಹೊತ್ತಿನಲ್ಲಿ ಹೊಲ ಒಣಗಲು ಬಿಡಬೇಡಿ, ನೀರು ಕಡಿಮೆಯಾದಷ್ಟೂ ಉಪ್ಪು ಗಡುಸಾಗುತ್ತದೆ. ಕ್ಷಾರ ಮಣ್ಣಾದರೆ ಸಾರಜನಕ ಕಾಲು ಭಾಗ ಜಾಸ್ತಿ, ಎಕರೆಗೆ 10 ಕಿಲೋ ಸತುವಿನ ಸಲ್ಫೇಟ್ ಬೇಕಾಗುತ್ತದೆ. ಕೂರಿಗೆ ಬಿತ್ತನೆಯ ಭತ್ತ ನೀರು, ಆಳು ಉಳಿಸುತ್ತದೆ ನಿಜ, ಆದರೆ ಉಪ್ಪಿನ ಹೊಲದಲ್ಲಿ ಎಳೆ ಸಸಿಯೇ ಉಪ್ಪಿಗೆ ಸಿಕ್ಕಿಕೊಳ್ಳುತ್ತದೆ. ಸವಳಿಲ್ಲದ ಕಡೆ ಅದು ಒಳ್ಳೆಯದು, ಸವಳಲ್ಲಿ ನಾಟಿಯೇ ವಾಸಿ.

ತಳಿಯ ಮಾತು. ಮಾರುಕಟ್ಟೆಯಲ್ಲಿ ಸೋನಾ ಅಂತ ಮಾರುವ ಸಣ್ಣಕ್ಕಿಗೆ ಬೆಲೆ ಇದೆ, ಹಾಗಾಗಿ ಎಲ್ಲರೂ ಅದನ್ನೇ ಹಾಕುತ್ತಾರೆ. ಬಿಪಿಟಿ 5204ರಂಥವನ್ನು ಉಪ್ಪಿಗೆಂದು ಬೆಳೆಸಿದ್ದಲ್ಲ. ಕರ್ನಾಲ್‌ನ ಸಿಎಸ್‌ಆರ್ ಸಾಲಿನ ತಳಿಗಳನ್ನು ಉಪ್ಪು, ಕ್ಷಾರಕ್ಕಾಗಿಯೇ ತಯಾರಿಸಿದ್ದಾರೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಗಂಗಾವತಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಗೆಂದೇ ಅಖಿಲ ಭಾರತ ಯೋಜನೆಯ ಕೆಲಸ ಬಹಳ ವರ್ಷದಿಂದ ನಡೆದಿದೆ. ನಿಮ್ಮ ಮಣ್ಣಿನ ವರದಿ ಹಿಡಿದುಕೊಂಡು ಅಲ್ಲಿ ಹೋಗಿ ತಳಿ ಕೇಳಿ. ಬೀಜದ ಅಂಗಡಿಯಲ್ಲಿ ಕೇಳುವುದಕ್ಕಿಂತ ಇದು ಸಾವಿರ ಪಾಲು ಮೇಲು.

ನನಗೆ ನಿಜಕ್ಕೂ ಸಂಕಟ ಆಗುವುದು ಒಂದು ವಿಷಯಕ್ಕೆ. ಜವಳು ಹೊಲಕ್ಕೆ ಭತ್ತ ಹಾಕುತ್ತೇವೆ, ಭತ್ತದ ನೀರಿನಿಂದ ಅಂತರ್ಜಲ ಇನ್ನೂ ಏರುತ್ತದೆ, ಕೆಳಗಿನ ಹೊಲವೂ ಜವಳಾಗುತ್ತದೆ, ಅಲ್ಲೂ ಭತ್ತವೇ ಬರುತ್ತದೆ. ಕೆಸರು ಮಾಡಿ ಮಾಡಿ ಮಣ್ಣಿನ ಕೆಳಗೆ ಗಟ್ಟಿ ಪದರ ಕೂತಿರುತ್ತದೆ, ಮುಂದೆ ಬೇರೆ ಬೆಳೆ ಹಾಕುತ್ತೇನೆಂದರೂ ಬೇರು ಇಳಿಯುವುದಿಲ್ಲ. ಬಸಿಯುವ ದಾರಿ ಇಲ್ಲದೆ ವರ್ಷಕ್ಕೆ ಎರಡು ಸಲ ಭತ್ತ ಹಾಕುವುದು ಸವಳಿಗೆ ಮದ್ದಲ್ಲ, ಅದೇ ಸವಳಿನ ಬೇರು.

ಹತ್ತಿ

ಪಟ್ಟಿಯಲ್ಲಿ ಹತ್ತಿ ಎಲ್ಲಕ್ಕಿಂತ ಮೇಲಿದೆ. ರಾಯಚೂರಿನಂಥ ದೊಡ್ಡ ಹತ್ತಿ ಮಾರುಕಟ್ಟೆ ಕೈಗೆಟಕುವ ದೂರದಲ್ಲೇ ಇದೆ. ಹಾಗಾದರೆ ಎಲ್ಲರೂ ಯಾಕೆ ಹಾಕಬಾರದು? ಎರಡು ಕಾರಣಕ್ಕೆ ಸೋಲುತ್ತದೆ. ಒಂದು, ಹತ್ತಿ ಬೇರೂರಿದ ಮೇಲೆ ಗಟ್ಟಿ, ಮೊಳಕೆಯಲ್ಲಿ ಬಹಳ ಸೂಕ್ಷ್ಮ. ಉಪ್ಪು, ಸೋಡಿಯಂ ಎರಡಕ್ಕೂ ಹೀಗೇ. ಮೇಲ್ಪದರ ಹೆಪ್ಪುಗಟ್ಟಿದರೆ ಮೊಳಕೆ ಹೊರಗೇ ಬರುವುದಿಲ್ಲ. ಎರಡು, ನಿಂತ ನೀರು. ಎರಡು ಮೂರು ದಿನ ಬೇರು ನೀರಿನಲ್ಲಿ ಮುಳುಗಿದರೆ ಎಲೆ ಹಳದಿಯಾಗಿ ಮೊಗ್ಗು ಉದುರುತ್ತವೆ.

ಅದಕ್ಕೆ ದಾರಿ ಇದೆ. ಬೋದು ಎತ್ತಿ ಬಿತ್ತಿ. ಬೀಜವನ್ನು ಬೋದಿನ ನೆತ್ತಿಯ ಮೇಲೆ ಇಡಬೇಡಿ, ಪಕ್ಕದ ಇಳಿಜಾರಿನಲ್ಲಿ ಇಡಿ. ಸಾಲಿನಲ್ಲಿ ನೀರು ಬಿಟ್ಟಾಗ ಉಪ್ಪು ನೀರಿನ ಜೊತೆ ಏರಿ ನೆತ್ತಿಯಲ್ಲಿ ಸೇರಿಕೊಳ್ಳುತ್ತದೆ, ಇಳಿಜಾರಿನ ಬೀಜಕ್ಕೆ ಅಷ್ಟು ತಾಕುವುದಿಲ್ಲ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಬೀಜ ಊರುವ ಆಳಿಗೆ ಹೇಳಿ ಮಾಡಿಸಿದರೆ ಸಾಕು. ಮಣ್ಣಿನ ಇಸಿ 6-8 ಇದ್ದು, ಗುಂಡಿಯಲ್ಲಿ ನಾಲ್ಕೈದು ಅಡಿಯವರೆಗೆ ನೀರು ಕಾಣದಿದ್ದರೆ ನನ್ನ ಮೊದಲ ಆಯ್ಕೆ ಹತ್ತಿಯೇ.

ಜೋಳ ಮತ್ತು ಸೂರ್ಯಕಾಂತಿ

ಇವೆರಡನ್ನೂ ಜೊತೆಗಿಟ್ಟು ನೋಡಬೇಕು, ಯಾಕೆಂದರೆ ಇವುಗಳ ನಡತೆ ಬೇರೆ ಬೇರೆ. ಜೋಳ 6.8ರವರೆಗೆ ಏನೂ ಆಗದಂತೆ ನಿಲ್ಲುತ್ತದೆ, ಆಮೇಲೆ ಒಮ್ಮೆಲೇ ಕುಸಿಯುತ್ತದೆ, ಇಸಿ ಒಂದು ಏರಿದರೆ ಶೇ. 16 ಇಳಿಕೆ. ಸೂರ್ಯಕಾಂತಿ 4.8ಕ್ಕೇ ಇಳಿಯಲು ಶುರುಮಾಡಿದರೂ ಒಂದೊಂದಕ್ಕೆ ಶೇ. 5ರಷ್ಟೇ ಕೊಡುತ್ತಾ ಹೋಗುತ್ತದೆ. ಇಸಿ 7.7ರ ಹತ್ತಿರ ಎರಡೂ ಸಮ. ಅದಕ್ಕಿಂತ ಕಡಿಮೆ ಇದ್ದರೆ ಜೋಳ, ಜಾಸ್ತಿ ಇದ್ದರೆ ಸೂರ್ಯಕಾಂತಿ.

ನೀರು ನಿಲ್ಲುವ ವಿಷಯಕ್ಕೆ ಬಂದರೆ ಜೋಳವೇ ಮುಂದು. ಸೂರ್ಯಕಾಂತಿಗೆ ಒದ್ದೆ ಬೇರು ಆಗಿಬರುವುದಿಲ್ಲ. ದನ, ಎಮ್ಮೆ ಇರುವ ಮನೆಯವರು ಕಣಿಕೆಯ ಲೆಕ್ಕವನ್ನೂ ಹಾಕಬೇಕು. ಆದರೆ ಒಂದು ಎಚ್ಚರಿಕೆ: ಬಾಡಿ ನಿಂತ ಎಳೆ ಜೋಳವನ್ನು ದನಕ್ಕೆ ಹಾಕಬೇಡಿ. ಒತ್ತಡಕ್ಕೆ ಸಿಕ್ಕ ಎಳೆ ಪೈರಿನಲ್ಲಿ ಸಯನೈಡ್ ವಿಷ ಜಾಸ್ತಿಯಾಗುತ್ತದೆ. ಹೂವಾಡಿದ ಮೇಲೆ ಭಯ ಕಡಿಮೆ.

ಸೂರ್ಯಕಾಂತಿಗೆ ನಮ್ಮ ಕಡೆ ಹಿಂದೆ ಒಳ್ಳೆಯ ಕಾಲ ಇತ್ತು. 1997ರಲ್ಲಿ ಬಾಗೇಪಲ್ಲಿ ಹತ್ತಿರ ಮೊದಲು ಕಂಡ ನೆಕ್ರೋಸಿಸ್ ರೋಗ ಅದಕ್ಕೆ ದೊಡ್ಡ ಹೊಡೆತ ಕೊಟ್ಟಿತು. ಥ್ರಿಪ್ಸ್ ಹುಳ, ಬದುವಿನ ಪಾರ್ಥೇನಿಯಂ ಕಳೆ ಇವೆರಡನ್ನೂ ಹತೋಟಿಯಲ್ಲಿಟ್ಟರೆ ರೋಗ ಕಡಿಮೆ. ಒಬ್ಬರೇ ಹಾಕಿದರೆ ಗಿಳಿಗಳು ಬಿಡುವುದಿಲ್ಲ, ನಾಲ್ಕು ಜನ ಸೇರಿ ಹಾಕಿ. 2025-26ಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ ಸೂರ್ಯಕಾಂತಿಗೆ 7,721 ರೂಪಾಯಿ, ಹೈಬ್ರಿಡ್ ಜೋಳಕ್ಕೆ 3,699, ಸಾಮಾನ್ಯ ಭತ್ತಕ್ಕೆ 2,369. ಇಳುವರಿಯ ತೂಕ ಬೇರೆ ಬೇರೆ, ಹಾಗಾಗಿ ಬೆಲೆಯನ್ನಷ್ಟೇ ನೋಡಿ ಕುಣಿಯುವಂತಿಲ್ಲ. ಆದರೂ ನೀರಿನ ಖರ್ಚು ಸೇರಿಸಿ ನೋಡಿ. ಭತ್ತಕ್ಕೆ ಸುಮಾರು 1,200 ಮಿಲಿಮೀಟರ್ ನೀರು ಬೇಕಾದರೆ ಜೋಳ, ಸೂರ್ಯಕಾಂತಿಗೆ 500ರ ಆಸುಪಾಸು ಸಾಕು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಎರಡನೇ ಬೆಳೆಯ ನೀರನ್ನು ನಂಬಿ ಕೂರುವುದು ಎಂಥ ಅಪಾಯ ಅಂತ ಅಚ್ಚುಕಟ್ಟಿನ ಎಲ್ಲರಿಗೂ ಗೊತ್ತಾಯಿತು.

ಉಳಿದವು

ಮೆಣಸಿನಕಾಯಿ, ಉಳ್ಳಾಗಡ್ಡಿ, ಶೇಂಗಾ ಸವಳು ಹೊಲಕ್ಕೆ ಬೇಡ. ಪಟ್ಟಿ ನೋಡಿದರೆ ಸಾಕು. ಬಳ್ಳಾರಿ ಕಡೆ ಒಳ್ಳೆಯ ಎರೆಯಲ್ಲಿ ಮೆಣಸಿನಕಾಯಿ ಚೆನ್ನಾಗಿ ದುಡ್ಡು ಕೊಡುತ್ತದೆ ಅಂತ ನೋಡಿ ಸವಳಿನಲ್ಲಿ ಹಾಕಿದರೆ ಎಲೆ ಅಂಚು ಸುಟ್ಟು ಹೂವು ಉದುರಿಹೋಗುತ್ತದೆ. ಕಡಲೆ, ತೊಗರಿಯದ್ದು ಇನ್ನೂ ಕಷ್ಟ. ಉಪ್ಪಿಗೆ, ಸೋಡಿಯಂಗೆ, ನೀರಿಗೆ ಮೂರಕ್ಕೂ ಅವು ಸೂಕ್ಷ್ಮ. ಬೇರಿನ ಗಂಟಿನಲ್ಲಿ ಸಾರಜನಕ ಕೂಡಿಸುವ ಬ್ಯಾಕ್ಟೀರಿಯಾ ಗಿಡಕ್ಕಿಂತ ಮೊದಲು ಸೋಲುತ್ತದೆ. ಹಿಂಗಾರಿನಲ್ಲಿ ಹಸಿ ಆರುತ್ತಾ ಹೋದಂತೆ ಉಪ್ಪು ಬೇರಿನ ಸುತ್ತ ಗಟ್ಟಿಯಾಗುತ್ತಾ ಹೋಗುವುದರಿಂದ, ಮೊದಲ ತಿಂಗಳು ಚೆನ್ನಾಗಿದ್ದ ಕಡಲೆ ಕಾಯಿ ಕಟ್ಟುವಾಗ ಕೈಕೊಡುತ್ತದೆ.

ಕುಷ್ಟಗಿ ಕಡೆ ದಾಳಿಂಬೆ ನೋಡಿ ಆಸೆಪಡುವವರಿಗೆ ಒಂದು ಮಾತು. ದಾಳಿಂಬೆ ಉಪ್ಪನ್ನು ಸುಮಾರಾಗಿ ತಡೆಯುತ್ತದೆ, ಆದರೆ ಅದು ಹುಲುಸಾಗಿರುವುದು ಬಸಿಯುವ ಮಸಾರಿ, ಗರಸು ಭೂಮಿಯಲ್ಲಿ. ಜವಳು ಎರೆಯಲ್ಲಿ ಹಾಕಿ ವರ್ಷಗಟ್ಟಲೆ ಕಾದು ನಷ್ಟ ಮಾಡಿಕೊಳ್ಳಬೇಡಿ.

ಡಯಂಚಾ ಮಾತ್ರ ಮರೆಯಬೇಡಿ. ಅದು ಮಾರುವ ಬೆಳೆಯಲ್ಲ, ಹಸಿರು ಗೊಬ್ಬರ. ಸೋಡಿಯಂ, ನಿಂತ ನೀರು ಎರಡನ್ನೂ ಒಟ್ಟಿಗೆ ತಡೆಯುವ ಗಿಡ ನಮ್ಮ ಕೈಯಲ್ಲಿ ಇಷ್ಟು ಅಗ್ಗವಾಗಿ ಬೇರೊಂದಿಲ್ಲ. ಎಕರೆಗೆ 15-20 ಕಿಲೋ ಬೀಜ ಹಾಕಿ 45 ದಿನಕ್ಕೆ ಮಣ್ಣಿಗೆ ಸೇರಿಸಿದರೆ, ಅದು ಕೊಳೆಯುವಾಗ ಸುಣ್ಣ ಕರಗಿಸುವ ಕೆಲಸವನ್ನೇ ಮಾಡುತ್ತದೆ.

ಜಿಪ್ಸಂ ಬಗ್ಗೆ ಖಡಾಖಂಡಿತ ಹೇಳಬೇಕು. ಅದು ಸೋಡಿಯಂಗೆ ಮದ್ದು. ಬರೀ ಉಪ್ಪಿನ ಹೊಲಕ್ಕೆ ಜಿಪ್ಸಂ ಹಾಕಿದರೆ ದುಡ್ಡು ಮಣ್ಣುಪಾಲು. ಉಪ್ಪಿಗೆ ಬೇಕಾಗಿರುವುದು ಒಳ್ಳೆಯ ನೀರು ಮತ್ತು ಅದು ಹೊರಗೆ ಹೋಗುವ ದಾರಿ. ಸೋಡಿಯಂ ಇದ್ದರೂ ಬಸಿಯುವ ದಾರಿ ಇಲ್ಲದೆ ಜಿಪ್ಸಂ ಹಾಕಿದರೆ ಬಿಡುಗಡೆಯಾದ ಸೋಡಿಯಂ ಅಲ್ಲೇ ಸುತ್ತುತ್ತಿರುತ್ತದೆ. ಹಳ್ಳಕ್ಕೆ ಬಸಿದು ಬಂದ ನೀರನ್ನೇ ಮೋಟಾರಿನಲ್ಲಿ ಎತ್ತಿ ಮತ್ತೆ ಹೊಲಕ್ಕೆ ಬಿಡುವವರು ಆ ನೀರನ್ನೂ ಪರೀಕ್ಷೆ ಮಾಡಿಸಿ. ವರದಿಯಲ್ಲಿ ಆರ್‌ಎಸ್‌ಸಿ, ಅಂದರೆ ನೀರಿನಲ್ಲಿ ಉಳಿಯುವ ಸೋಡಿಯಂ ಕಾರ್ಬೊನೇಟ್, ಅನ್ನುವ ಅಂಕಿ 2.5 ದಾಟಿದ್ದರೆ ಆ ನೀರು ಹೊಲವನ್ನು ನಿಧಾನಕ್ಕೆ ಕರಲು ಮಾಡುತ್ತದೆ.

ಧೂಳು, ಬೂದಿ, ಗಣಿ ಮಣ್ಣು

ಕೊಪ್ಪಳದ ಗಿಣಿಗೇರಾದ ಕಾರ್ಖಾನೆಗಳ ಸುತ್ತ, ಸಂಡೂರಿನ ಗಣಿ ರಸ್ತೆಗಳ ಪಕ್ಕ, ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಕಡೆ ಹೊಲ ಇರುವವರ ಕಷ್ಟ ಬೇರೆ. ಇಲ್ಲಿ ಮಣ್ಣಿಗಿಂತ ಮೊದಲು ಎಲೆಗೆ ಪೆಟ್ಟು. ಧೂಳು ಎಲೆಯ ಉಸಿರಾಟದ ರಂಧ್ರ ಮುಚ್ಚುತ್ತದೆ, ಬೆಳಕು ತಡೆಯುತ್ತದೆ. ಅಗಲ, ಒರಟು ಎಲೆಯ ಸೂರ್ಯಕಾಂತಿ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಹತ್ತಿಯಲ್ಲಿ ಬಿರಿದ ಅರಳೆಗೇ ಬಣ್ಣ ಹತ್ತಿ ದರ ಬೀಳುತ್ತದೆ. ನೆಟ್ಟಗಿರುವ ನುಣುಪು ಎಲೆಯ ಜೋಳದಲ್ಲಿ ಮಳೆಗೆ ಧೂಳು ತೊಳೆದುಹೋಗುತ್ತದೆ. ಹಾಗಾಗಿ ಸವಳಿನಲ್ಲಿ ಮೊದಲಿದ್ದ ಹತ್ತಿ ಇಲ್ಲಿ ಹಿಂದೆ ಸರಿದು ಜೋಳ ಮುಂದೆ ಬರುತ್ತದೆ. ಮೇವನ್ನು ಜಾಡಿಸಿ, ಸಾಧ್ಯವಾದರೆ ತೊಳೆದು ಹಾಕಿ.

ಭಾರ ಲೋಹಗಳ ಅನುಮಾನ ಇದ್ದರೆ, ಉದಾಹರಣೆಗೆ ಹಳೆಯ ಗಣಿ ತ್ಯಾಜ್ಯ ಹರಿದು ಬರುವ ಜಾಗದಲ್ಲಿ, ಇಳುವರಿ ನೋಡಿ ನಿರ್ಧಾರ ಮಾಡಲಾಗದು. ಗಿಡ ಚೆನ್ನಾಗಿ ಕಂಡರೂ ಒಳಗೆ ವಿಷ ಇರಬಹುದು. ಸೊಪ್ಪು ತರಕಾರಿಗಳು ಕಾಳುಗಳಿಗಿಂತ ಜಾಸ್ತಿ ಹೀರುತ್ತವೆ. ಮಣ್ಣಿನಲ್ಲಿ ಆರ್ಸೆನಿಕ್ ಇದ್ದರೆ ನಿಂತ ನೀರಿನ ಭತ್ತ ಅದನ್ನು ಜಾಸ್ತಿ ಎಳೆದುಕೊಳ್ಳುತ್ತದೆ, ಕ್ಯಾಡ್ಮಿಯಂ ಆದರೆ ಹೊಲ ಒಣಗಿದಾಗ ಜಾಸ್ತಿ. ನಮ್ಮ ಕ್ಷಾರ ಮಣ್ಣು ಸೀಸ, ಕ್ಯಾಡ್ಮಿಯಂ ಅನ್ನು ಸ್ವಲ್ಪ ಕಟ್ಟಿಹಾಕುತ್ತದೆ, ಆರ್ಸೆನಿಕ್ ಅನ್ನು ಬಿಟ್ಟುಕೊಡುತ್ತದೆ. ಇಂಥ ಕಡೆ ತಿನ್ನುವ ಬೆಳೆ ಬಿಟ್ಟು ಹತ್ತಿಯಂಥದ್ದು ಹಾಕಿ, ಅಥವಾ ಮರ ಬೆಳೆಸಿ. ಮಕ್ಕಳ ತಟ್ಟೆಗೆ ಹೋಗುವುದರಲ್ಲಿ ಅಂದಾಜು ಬೇಡ, ಪರೀಕ್ಷೆ ಮಾಡಿಸಿ.

ಒಬ್ಬರೇ ಆರಿಸಲು ಆಗುವುದಿಲ್ಲ

ಇಷ್ಟೆಲ್ಲ ಹೋಲಿಸಿ ಹತ್ತಿಯೋ ಜೋಳವೋ ಆರಿಸಿದಿರಿ ಅನ್ನಿ. ಮೇಲಿನ ಹೊಲದವರು ಭತ್ತ ಹಾಕಿದ್ದರೆ? ಅವರ ನೀರು ಬಸಿದು ನಿಮ್ಮ ಹತ್ತಿಯ ಬೇರಿಗೆ ಬಂದು ನಿಲ್ಲುತ್ತದೆ. ಸವಳು ಹೊಲದ ಬೆಳೆ ಬದಲಾವಣೆ ಬಹಳ ಕಡೆ ಸೋತದ್ದು ಇಲ್ಲೇ. ತಪ್ಪು ಬೆಳೆಯದ್ದಲ್ಲ, ಸುತ್ತಲಿನ ನೀರಿನದು. ಅಂಥ ಕಡೆ ಒಂಟಿಯಾಗಿ ಹತ್ತಿ ಹಾಕುವುದಕ್ಕಿಂತ ಆ ವರ್ಷ ಭತ್ತವೇ ಇರಲಿ ಅಂತ ನಾನೇ ಹೇಳುತ್ತೇನೆ. ಜೊತೆಗೆ ಬದುವಿನ ಪಕ್ಕ ಆಳವಾದ ಒಂದು ಬಸಿಗಾಲುವೆ ತೋಡಿ ಮೇಲಿನ ಬಸಿ ನೀರನ್ನು ತಡೆದು ಹಳ್ಳಕ್ಕೆ ತಿರುಗಿಸಿ.

ನೆಲದೊಳಗೆ ಒಂದು ಮೀಟರ್ ಆಸುಪಾಸಿನ ಆಳದಲ್ಲಿ ತೂತಿನ ಪೈಪ್ ಹಾಸಿ ಬಸಿಯುವ ವ್ಯವಸ್ಥೆ ಎಲ್ಲಕ್ಕಿಂತ ಗಟ್ಟಿ ಪರಿಹಾರ. ಆದರೆ ಆ ಪೈಪ್ ಕೊನೆಗೆ ಎಲ್ಲೋ ಒಂದು ಕಡೆ ಬೀಳಬೇಕಲ್ಲ, ಅದಕ್ಕೆ ಕೆಳಗಿನ ಹೊಲದವರು ಒಪ್ಪಬೇಕು, ಹಳ್ಳದ ಹೂಳು ತೆಗೆದಿರಬೇಕು. ಒಂದೇ ತೂಬಿನ ಕೆಳಗಿನ ಹತ್ತು ಹದಿನೈದು ಜನ ಒಟ್ಟಿಗೆ ಮಣ್ಣು ಪರೀಕ್ಷೆ ಮಾಡಿಸಿ, ಎತ್ತರದ ಹೊಲಗಳಿಗೆ ಹತ್ತಿ, ಜೋಳ, ತಗ್ಗಿನ ಹೊಲಗಳಿಗೆ ಮಾತ್ರ ಭತ್ತ ಅಂತ ಮಾತಾಡಿಕೊಂಡರೆ ಯಾರ ನೀರೂ ಯಾರ ಬೇರಿಗೂ ಹೋಗುವುದಿಲ್ಲ. ತುಂಗಭದ್ರಾ ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಕಚೇರಿ ಮುನಿರಾಬಾದಿನಲ್ಲಿದೆ. ಒಬ್ಬರ ಅರ್ಜಿಗಿಂತ ಒಂದು ತೂಬಿನ ಎಲ್ಲರ ಸಹಿ ಇರುವ ಅರ್ಜಿಗೆ ತೂಕ ಜಾಸ್ತಿ, ಸರ್ವೆ ನಂಬರುಗಳ ಜೊತೆ ಮಣ್ಣಿನ ವರದಿಯನ್ನೂ ಲಗತ್ತಿಸಿ. ಈ ಮಾತುಕತೆಗೆ ಸರಿಯಾದ ಕಾಲ ಮೇ ತಿಂಗಳು. ಕಾಲುವೆಗೆ ನೀರು ಬಂದು ಎಲ್ಲರೂ ಸಸಿ ಮಡಿಗೆ ಇಳಿದ ಮೇಲೆ ಕೇಳಲು ಯಾರಿಗೂ ಪುರುಸೊತ್ತು ಇರುವುದಿಲ್ಲ.